ಕೊನೆಯ ದಿನದ ಲೆಕ್ಕ

ಪ್ರವಾಸದ ಕೊನೆಯ ದಿನಕ್ಕೆ ಉಳಿದ ದಿನಗಳಿಗಿಲ್ಲದ ಒಂದು ಗುಣವುಂಟು. ಮೊದಲಿನ ದಿನಗಳಲ್ಲಿ ಮನುಷ್ಯನು ಕಾಲವನ್ನು ಧಾರಾಳವಾಗಿ ವೆಚ್ಚಮಾಡುತ್ತಾನೆ. ಇಂದು ಆಗದಿದ್ದರೆ ನಾಳೆ ಎಂಬ ಧೈರ್ಯ ಆತನಿಗಿರುತ್ತದೆ. ಕೊನೆಯ ದಿನ ಬೆಳಗಾಗುತ್ತಲೆ ಆ ಧೈರ್ಯ ಹೊರಟುಹೋಗುತ್ತದೆ. ರಾತ್ರಿಯ ಗಾಡಿಗೆ ಟಿಕೀಟು ತೆಗೆದಾಗಿದೆ. ಗಂಟುಮೂಟೆಗಳು ಬಾಗಿಲ ಬಳಿಗೆ ಬಂದಿವೆ. ಕೈಯಲ್ಲಿ ಉಳಿದಿರುವುದು ಹತ್ತು ಹನ್ನೆರಡು ಗಂಟೆಗಳ ಹೊತ್ತು ಮಾತ್ರ. ಮಾಡಬೇಕೆಂದುಕೊಂಡುದೆಲ್ಲವನ್ನು ಆ ಹೊತ್ತಿನಲ್ಲಿ ಮಾಡಲಾಗದು. ಒಂದನ್ನು ಹಿಡಿದರೆ ಒಂದನ್ನು ಬಿಡಲೇಬೇಕು. ಹಾಗೆ ಹಿಡಿಯುವಾಗ, ಬಿಡುವಾಗ, ನಮ್ಮ ಮನಸ್ಸು ಯಾವುದನ್ನು ಹೆಚ್ಚೆಂದು ಎಣಿಸಿದೆಯೆಂಬುದು ನಮಗೇ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಜನರು ಆ ದಿನವನ್ನು ನೋಡದೆ ಉಳಿದ ಸ್ಥಳಗಳನ್ನು ಅವಸರದಲ್ಲಿ ನೋಡುವುದಕ್ಕೂ, ಊರಿನಲ್ಲಿರುವವರಿಗೆ ಸಾಮಾನು ಕೊಳ್ಳುವುದಕ್ಕೂ ಬಳಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ದೂರದಿಂದ ಹಣ ವೆಚ್ಚಮಾಡಿಕೊಂಡು ಬಂದವರು ಕಣ್ತುಂಬ ನೋಡಿ ಹೋಗಬೇಕೆನ್ನುವುದು ಸಹಜವೇ. ಆದರೆ ಕೊನೆಯ ದಿನಕ್ಕೆ ಬೇರೊಂದು ಉಪಯೋಗವೂ ಇದೆಯೆಂಬುದನ್ನು ಈಚೆಗೆ ಮುಂಬಯಿಯಲ್ಲಿ ನಮ್ಮ ಮಠದ ಭಕ್ತರ ಕುಟುಂಬವೊಂದರ ಜೊತೆಯಲ್ಲಿದ್ದಾಗ ಕಂಡೆವು. ಅದನ್ನು ಓದುಗರಾದ ಶರಣ ಬಂಧುಗಳ ಮುಂದಿಡಬೇಕೆಂದು ಈ ನಾಲ್ಕು ಮಾತು.

ನಮ್ಮ ಸೀಮೆಯವರಿಗೆ ಮುಂಬಯಿ ತೀರ ಪರಸ್ಥಳವೆನಿಸಿದ್ದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ವಿಜಯಪುರ, ಬೆಳಗಾವಿ, ಧಾರವಾಡ, ಕಾರವಾರಗಳು ಮುಂಬಯಿ ರಾಜ್ಯದಲ್ಲಿಯೇ ಇದ್ದವು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯವು ಕೂಡ 1949ರಲ್ಲಿ ಮುಂಬಯಿಯಲ್ಲಿಯೇ ಜನ್ಮತಾಳಿ ಮರುವರ್ಷ ಧಾರವಾಡಕ್ಕೆ ಬಂದಿತು. ಕಾಗದಪತ್ರಗಳ ಈ ಸಂಬಂಧಕ್ಕಿಂತ ಗಟ್ಟಿಯಾದುದು ಹೊಟ್ಟೆಯ ಸಂಬಂಧ. ಕಾವಸಜಿ ನಾನಾಭಾಯಿ ದಾವರ ಎಂಬ ಪಾರಸಿ ಗೃಹಸ್ಥರು 1854ರಲ್ಲಿ ಕಂಪನಿ ಕಟ್ಟಿ, 1856ರಲ್ಲಿ ತಾರದೇವದಲ್ಲಿ ಆ ನಗರದ ಮೊದಲ ಹತ್ತಿಯ ಗಿರಣಿಯನ್ನು ನಡೆಯಿಸಿದರು. ಮುಂದೆ ಪರೇಲ, ಲಾಲಬಾಗ, ವರಳಿ, ಭಾಯಖಳ ಭಾಗಗಳಲ್ಲೆಲ್ಲ ಗಿರಣಿಗಳ ಹೊಗೆಗೂಡುಗಳು ಎದ್ದುನಿಂತು, ಆ ಪ್ರದೇಶಕ್ಕೆ ಗಿರಣಗಾಂವ ಎಂದೇ ಹೆಸರಾಯಿತು. ಕೊಂಕಣ, ಸಾತಾರ, ಸೊಲ್ಲಾಪುರಗಳಿಂದ ಬಂದಂತೆ ನಮ್ಮ ಭೀಮಾತೀರದ ಹಳ್ಳಿಗಳಿಂದಲೂ, ಮಳೆ ಕೈಕೊಟ್ಟ ವರ್ಷ, ತರುಣರು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋದರು.

ಹಾಗೆ ಹೋದವರಲ್ಲಿ ಒಬ್ಬರು ಇಂಡಿ ತಾಲೂಕಿನ ನಮ್ಮ ಭಕ್ತರು. ಈಗ 78 ವರ್ಷದ ವೃದ್ಧರು. 1966ರಲ್ಲಿ ಹೋಗಿ ಗಿರಣಿಯ ನೇಯ್ಗೆಯ ವಿಭಾಗದಲ್ಲಿ ಹದಿನಾರು ವರ್ಷ ದುಡಿದು, 1982ರಲ್ಲಿ ಊರಿಗೆ ಮರಳಿದವರು ಮತ್ತೆ ಆ ಕಡೆಗೆ ಮುಖ ಮಾಡಿರಲಿಲ್ಲ. ಅವರ ಮಗಳ ಸಂಸಾರವು ಈಚೆಗೆ ಡೊಂಬಿವಲಿಯಲ್ಲಿ ಮನೆ ಕೊಂಡುದರಿಂದ ಗೃಹಪ್ರವೇಶದ ಪೂಜೆಗೆ ನಮ್ಮನ್ನು ಬರಮಾಡಿಕೊಂಡರು. ವೃದ್ಧ ದಂಪತಿಗಳು, ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಮಗ, ಸೊಸೆ, ಇಂಜಿನಿಯರಿಂಗ್ ಓದುವ ಮೊಮ್ಮಗಳು, ಹೈಸ್ಕೂಲಿನ ಮೊಮ್ಮಗ, ಹೀಗೆ ಇಡಿಯ ಕುಟುಂಬವೇ ಬಂದಿತ್ತು. ಪೂಜೆ ಮುಗಿದ ಮೇಲೆ ನಾಲ್ಕು ದಿನ ಮಗನು ಎಲ್ಲರಿಗೂ ನಗರ ತೋರಿಸಿದನು. ಎಲ್ಲವೂ ಆತನ ಮೊಬೈಲಿನಲ್ಲಿ ಗಂಟೆ ನಿಮಿಷದೊಡನೆ ಬರೆದಿತ್ತು. ಮಹಾಲಕ್ಷ್ಮಿಯ ಗುಡಿ, ತಾರಾಲಯ, ರಾಜಾಬಾಯಿ ಗೋಪುರ ಎಲ್ಲ ಆದುವು. ಭಾಯಖಳದ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಕಲ್ಲಿನ ಆನೆಯೊಂದನ್ನು ನೋಡಿದೆವು. ಅದು ಮೊದಲು ಘಾರಾಪುರಿ ದ್ವೀಪದಲ್ಲಿತ್ತು. ಅದನ್ನು ಕಂಡೇ ಪೋರ್ತುಗೀಜರು ಆ ದ್ವೀಪವನ್ನು ಎಲಿಫೆಂಟಾ ಎಂದು ಕರೆದರು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಯಂತ್ರ ಮುರಿದು ಆನೆ ಒಡೆದು ಚೂರಾಯಿತು. ಮುಂದೆ ಆ ಚೂರುಗಳನ್ನು ಜೋಡಿಸಿ ನಿಲ್ಲಿಸಿದರು.

ಕೊನೆಯ ದಿನ ರವಿವಾರ. ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿಗೆ ಸೊಲ್ಲಾಪುರಕ್ಕೆ ಹೊರಡುವುದು. ಹಗಲನ್ನು ಮಗನು ಘಾರಾಪುರಿಗೆಂದು, ಅದರಲ್ಲಿಯೂ ನಮ್ಮ ಸಲುವಾಗಿ, ಇಟ್ಟಿದ್ದನು. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಆ ಗುಹಾಲಯದ ಸದಾಶಿವಮೂರ್ತಿಯ ಚಿತ್ರವನ್ನು ನಾವು ಎಷ್ಟೋ ಸಲ ನೋಡಿದ್ದೆವು. ಆರನೆಯ ಶತಮಾನದ ಆ ಶಿಲ್ಪ ಸುಮಾರು ಇಪ್ಪತ್ತು ಅಡಿ ಎತ್ತರ. ಶೈವಾಗಮಗಳು ಹೇಳುವ ಐದು ಮುಖಗಳಲ್ಲಿ ಮೂರನ್ನು ಮಾತ್ರ ತೋರಿಸಿ, ಉಳಿದೆರಡನ್ನು ನೋಡುವವನ ಧ್ಯಾನಕ್ಕೆ ಬಿಟ್ಟಿರುವ ಆ ರಚನೆಯನ್ನು ಕಣ್ಣಾರೆ ಕಾಣಬೇಕೆಂಬುದು ಮೂವತ್ತು ವರ್ಷಗಳ ಬಯಕೆ. ಬೆಳಗಿನ ಒಂಬತ್ತು ಗಂಟೆಗೆ ದೋಣಿಗೆ ಹೋಗುವುದೆಂದು ಗೊತ್ತಾಗಿತ್ತು.

ನಸುಕಿನಲ್ಲಿ ನಮ್ಮ ಲಿಂಗಪೂಜೆ ಮುಗಿಯುವುದನ್ನೇ ಕಾದು ಕುಳಿತಿದ್ದ ವೃದ್ಧರು ತೀರ್ಥ ಪ್ರಸಾದ ಸ್ವೀಕರಿಸಿದ ಮೇಲೂ ಏಳಲಿಲ್ಲ.

"ಅಪ್ಪಾರ, ಇವತ್ತಿನ ಹೊತ್ತು ನನಗ ಬಿಡಬೇಕ್ರಿ. ಗಾಡಿ ಹತ್ತೋದ್ರಾಗ ಒಂದು ಬಾಕಿ ತೀರಸೋದದ" ಎಂದರು.

"ಯಾರ ಬಾಕಿ, ಯಜಮಾನರೆ?"

"ಊಟದ ಬಾಕಿ ಅಪ್ಪಾರ. ಐದು ತಿಂಗಳಿಂದು. ಆರನೂರಾ ಇಪ್ಪತ್ತು ರೂಪಾಯಿ."

ಅವರು ಹೇಳಿದುದರ ಸಾರಾಂಶವಿದು. ಆ ಕಾಲದಲ್ಲಿ ಗಿರಣಿಯ ಒಂಟಿ ಕಾರ್ಮಿಕರು ಚಾಳದ ಒಂದೊಂದು ಖೋಲಿಯಲ್ಲಿ ಹತ್ತು ಹನ್ನೆರಡು ಮಂದಿ ಇರುತ್ತಿದ್ದರು. ಹಗಲಿನ ಪಾಳಿಯವರು ಎದ್ದುಹೋದ ಜಾಗದಲ್ಲಿ ರಾತ್ರಿಯ ಪಾಳಿಯವರು ಬಂದು ಮಲಗುತ್ತಿದ್ದರು. ಅವರಿಗೆ ಊಟ ಹಾಕುತ್ತಿದ್ದವರು ಅದೇ ಚಾಳಗಳ ಬಡ ಹೆಂಗಸರು. ತಮ್ಮ ಒಲೆಯ ಮೇಲೆಯೇ ಇಪ್ಪತ್ತು ಮೂವತ್ತು ಜನರಿಗೆ ಬೇಯಿಸಿ ತಿಂಗಳಿಗೊಮ್ಮೆ ಹಣ ಪಡೆಯುವ ಈ ಖಾನಾವಳಿಯ ಹೆಂಗಸರು ದಿನಸಿಗಾಗಿ ಬಡ್ಡಿಯವರ ಕೈಗೆ ಸಿಕ್ಕಿ ನರಳುತ್ತಿದ್ದರು. ಗೋವೆಯ ವಿಮೋಚನೆಯ ಹೋರಾಟದಲ್ಲಿ ಪಾಲುಗೊಂಡಿದ್ದ ಪ್ರೇಮಾ ಪುರವ ಎಂಬ ಮಹಿಳೆಯು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿ ಇಂಥವರಿಗೆ ಬ್ಯಾಂಕಿನ ಸಾಲ ದೊರೆಯುವಂತೆ ಮಾಡಿದುದು ಪ್ರಸಿದ್ಧವಾದ ಸಂಗತಿ. ನಮ್ಮ ವೃದ್ಧರಿಗೆ ಊಟ ಹಾಕುತ್ತಿದ್ದ ತಾಯಿಯನ್ನು ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು.

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬಯಿಯ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮಗ್ಗ ಬಿಟ್ಟು ಹೊರಬಂದರು. ಪಗಾರ ನಿಂತಿತು, ಆದರೆ ಮೌಶಿಯ ಒಲೆ ನಿಲ್ಲಲಿಲ್ಲ. "ಮುಷ್ಕರ ಮುಗಿದ ಮೇಲೆ ಕೊಡಿರಿ" ಎಂದು ಆಕೆ ಬಡಿಸಿದಳು. ಐದು ತಿಂಗಳಾದ ಮೇಲೆ, ಮುಂಗಾರು ಬಂದಾಗ, ಬಿತ್ತಿಗೆ ಮುಗಿಸಿ ಬರುವೆನೆಂದು ಹೇಳಿ ಇವರು ಊರಿಗೆ ಹೋದರು. ಮುಷ್ಕರ ಮುಗಿಯಲಿಲ್ಲ. ಅದನ್ನು ಹಿಂತೆಗೆದುಕೊಂಡೆವೆಂದು ವಿಧಿಪೂರ್ವಕವಾಗಿ ಇಂದಿಗೂ ಯಾರೂ ಸಾರಿಲ್ಲ. ದತ್ತಾ ಸಾಮಂತರು 1997ರ ಜನವರಿಯಲ್ಲಿ ಕೊಲೆಯಾದರು. ಗಿರಣಿಗಳು ಒಂದೊಂದಾಗಿ ಕದ ಮುಚ್ಚಿದವು.

"ಮಗ್ಗ ನಿಲ್ಲಿಸಿ ಹೊರಗ ಬಂದ ದಿನ ಅದs ಕಡೀ ದಿನ ಅಂತ ಗೊತ್ತಿರಲಿಲ್ಲ ಅಪ್ಪಾರ. ಗೊತ್ತಿದ್ದರ ಎಲ್ಲಾರ ಕೂಡ ಮಾತಾಡಿ ಬರತಿದ್ದೆ" ಎಂದರು ವೃದ್ಧರು. ಊರಿನಲ್ಲಿ ಮೊದಲ ವರ್ಷಗಳು ಬಡತನದಲ್ಲಿ ಕಳೆದವು. ಮುಂದೆ ಒಮ್ಮೆ ಮನಿಯಾರ್ಡರ್ ಕಳುಹಿಸಿದರೆ, ವಿಳಾಸದಲ್ಲಿ ಆ ಹೆಸರಿನವರಿಲ್ಲವೆಂದು ಹಣ ಮರಳಿ ಬಂದಿತು. ಆಗಿನ ಆರುನೂರ ಇಪ್ಪತ್ತು ರೂಪಾಯಿಗೆ ಅವರ ಊರ ಸಂತೆಯಲ್ಲಿ ನಾಲ್ಕು ಚೀಲ ಜೋಳ ಬರುತ್ತಿದ್ದವಂತೆ. ಅನ್ನದ ಸಾಲವನ್ನು ಅನ್ನದ ಅಳತೆಯಲ್ಲಿಯೇ ತೀರಿಸಬೇಕೆಂದು, ಈ ವರ್ಷ ತಮ್ಮ ಹೊಲದಲ್ಲಿ ಬೆಳೆದ ನಾಲ್ಕು ಚೀಲ ಬಿಳಿಜೋಳವನ್ನು ಮಾರಿ, ಬಂದ 18,000 ರೂಪಾಯಿಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಸೊಂಟದಲ್ಲಿಟ್ಟುಕೊಂಡು ಬಂದಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಮಗನು ಬಂದನು. ವಿಷಯ ತಿಳಿದು ಆತನ ಮುಖ ಸಣ್ಣದಾಯಿತು.

"ನಲವತ್ತು ವರ್ಷ ಮೀರಿದ ಸಾಲ ಅಪ್ಪಾ. ಕಾಯಿದೆ ಪ್ರಕಾರ ಅದು ಮೂರು ವರ್ಷಕ್ಕs ಮುಗೀತು. ಆ ಹೆಣ್ಣಮಗಳು ಅದಾಳೋ ಇಲ್ಲೋ. ಅಪ್ಪಾರು ಘಾರಾಪುರಿ ನೋಡಬೇಕಂತ ಎಷ್ಟು ದಿನದಿಂದ ಅನ್ನಾಕತ್ಯಾರ" ಎಂದನು. ಸ್ವಲ್ಪ ತಡೆದು, "ನನಗ ಒಂದು ಮಾತು ಹೇಳಿದ್ದರ ನಾನs ಕೊಡತಿದ್ದಿಲ್ಲೇನು?" ಎಂದನು.

"ನೀ ಕೊಟ್ಟರ ಅದು ನಿನ್ನ ರೊಕ್ಕ ಆಗತಿತ್ತು ತಮ್ಮಾ. ಉಂಡಾಂವ ನಾನು" ಎಂದರು ತಂದೆ.

ಮಗನ ಮಾತಿನಲ್ಲಿ ಕೋಪಕ್ಕಿಂತ ನೋವು ಹೆಚ್ಚಾಗಿತ್ತು. ತಂದೆಗೆ ಯಾವ ಕೊರತೆಯೂ ಆಗದಂತೆ ನೋಡಿಕೊಂಡ ಮಗನಿಗೆ, ಆ ತಂದೆ ಇಷ್ಟು ವರ್ಷ ಒಂದು ಭಾರವನ್ನು ತನ್ನಿಂದ ಮುಚ್ಚಿಟ್ಟು ಹೊತ್ತುಕೊಂಡಿದ್ದನೆಂಬುದು ಸಹಿಸಲಾಗಲಿಲ್ಲ. ಆತನು ಕಾಯಿದೆಯ ಮಾತೆತ್ತಿದ್ದುದರಿಂದ ನಾವು ಕಾಯಿದೆಯಿಂದಲೇ ಆರಂಭಿಸಿದೆವು. 1963ರ ಕಾಲಮಿತಿಯ ಕಾಯಿದೆಯು ಅವಧಿ ಮೀರಿದ ಸಾಲವನ್ನು ವಸೂಲು ಮಾಡಲು ನ್ಯಾಯಾಲಯದ ನೆರವು ಸಿಗದೆಂದು ಹೇಳುತ್ತದೆಯೇ ಹೊರತು ಸಾಲವೇ ಇಲ್ಲವಾಯಿತೆಂದು ಹೇಳುವುದಿಲ್ಲ. ಅಂಥ ಸಾಲವನ್ನು ಕೊಡುವೆನೆಂದು ಸಾಲಗಾರನು ಬರೆದು ಸಹಿ ಮಾಡಿದರೆ ಆ ಮಾತಿಗೆ ಬಲವುಂಟೆಂದು 1872ರ ಕರಾರು ಕಾಯಿದೆಯ 25ನೆಯ ಕಲಮು ಒಪ್ಪುತ್ತದೆ. ಕೇಳುವವನ ಹಕ್ಕಿಗೆ ಅವಧಿಯುಂಟು. ಕೊಡುವವನ ಧರ್ಮಕ್ಕೆ ಅವಧಿಯಿಲ್ಲ. ಮನುಷ್ಯನು ಹುಟ್ಟುತ್ತಲೆ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಮನುಷ್ಯರಿಗೆ ಋಣಿಯಾಗಿ ಹುಟ್ಟುತ್ತಾನೆಂದು ಶತಪಥ ಬ್ರಾಹ್ಮಣವು ಹೇಳಿದೆ. ಆ ನಾಲ್ಕನೆಯ ಋಣವನ್ನು ಶರಣರು ಬದುಕಿನ ನಡುವೆ ತಂದು ನಿಲ್ಲಿಸಿ ದಾಸೋಹವೆಂದರು.

ಇನ್ನು ಘಾರಾಪುರಿಯ ಮಾತು. ಅಲ್ಲಿಯ ಸದಾಶಿವನು ಆರನೆಯ ಶತಮಾನದಿಂದ ನಿಂತಲ್ಲಿಯೇ ನಿಂತಿದ್ದಾನೆ, ಮುಂದೆಯೂ ನಿಂತಿರುತ್ತಾನೆ. ವೃದ್ಧರಿಗೆ ಮುಂಬಯಿಯಲ್ಲಿ ಮತ್ತೊಂದು ಹಗಲು ದೊರಕುವುದೆಂದು ಹೇಳುವಂತಿರಲಿಲ್ಲ. ಸ್ಥಾವರಕ್ಕೂ ಜಂಗಮಕ್ಕೂ ಭೇದವನ್ನು ಪಾಠ ಹೇಳುವ ನಾವು ಆ ದಿನ ಯಾವುದನ್ನು ಆರಿಸಿಕೊಳ್ಳಬೇಕೆಂಬುದರಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. "ನಾವೂ ಲಾಲಬಾಗಕ್ಕೇ ಬರುತ್ತೇವೆ" ಎಂದೆವು. ಹುಡುಗನಿಗೆ ಮಾತ್ರ ದೋಣಿ ತಪ್ಪಿದುದಕ್ಕೆ ವ್ಯಸನವಾಯಿತು.

ಡೊಂಬಿವಲಿಯಿಂದ ಲೋಕಲ್ ಗಾಡಿಯಲ್ಲಿ ದಾದರಕ್ಕೆ ಬಂದು, ಅಲ್ಲಿ ಗಾಡಿ ಬದಲಿಸಿ ಕರಿ ರೋಡ್ ನಿಲ್ದಾಣದಲ್ಲಿ ಇಳಿದೆವು. ಮೆಟ್ಟಿಲು ಹತ್ತಿ ಸೇತುವೆಯ ಮೇಲೆ ಬಂದ ವೃದ್ಧರು ದಿಕ್ಕು ತಪ್ಪಿದವರಂತೆ ನಿಂತರು. ಅವರ ಕಣ್ಣು ಹುಡುಕುತ್ತಿದ್ದ ಹಂಚಿನ ಮಾಡುಗಳೂ ಹೊಗೆಗೂಡುಗಳೂ ಇದ್ದಲ್ಲಿ ನಲವತ್ತು ಐವತ್ತು ಅಂತಸ್ತುಗಳ ಗಾಜಿನ ಗೋಪುರಗಳು ನಿಂತಿದ್ದವು. ಗಿರಣಿಗಳ ಭೂಮಿಯಲ್ಲಿ ಮೂರನೆಯ ಒಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಪಾಲು ಬಡವರ ವಸತಿಗೆ, ಒಂದು ಪಾಲು ಒಡೆಯರಿಗೆ ಎಂಬಂತೆ 1991ರಲ್ಲಿ ನಿಯಮವಾಗಿತ್ತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡಗಳಿಲ್ಲದ ಖಾಲಿ ನೆಲಕ್ಕೆ ಮಾತ್ರ ಆ ಹಂಚಿಕೆ ಅನ್ವಯಿಸುವುದೆಂದು ಮಾಡಿದುದರಿಂದ ಜನರ ಪಾಲಿಗೆ ಬಂದುದು ಅತ್ಯಲ್ಪ. ವೃದ್ಧರು ದುಡಿದ ಗಿರಣಿಯ ಜಾಗದಲ್ಲಿ ಅಂಗಡಿಗಳ ಮಹಾಸಂಕೀರ್ಣವಿತ್ತು. ಇಟ್ಟಿಗೆಯ ಹೊಗೆಗೂಡೊಂದನ್ನು ಮಾತ್ರ ಅಲಂಕಾರಕ್ಕೆಂಬಂತೆ ಉಳಿಸಿದ್ದರು. ಅದರ ಗುರುತು ಹಿಡಿದು ವೃದ್ಧರು ತಾವು ದಿನಾಲು ಒಳಹೋಗುತ್ತಿದ್ದ ಬಾಗಿಲಿನ ಸ್ಥಳವನ್ನು ತೋರಿಸಿದರು. ಭೋಂಗಾ ಕೂಗಿ ನಿಂತ ಮೇಲೆ ಬಂದವನಿಗೆ ಅಂದಿನ ಪಗಾರ ಇಲ್ಲವೆಂದು ಮೊಮ್ಮಗನಿಗೆ ವಿವರಿಸಿದರು.

ಮೊಮ್ಮಗಳು ಕೇಳಿದಳು: "ಅಜ್ಜಾ, ಗಿರಣಿಯವರು ನಿನಗ ಕೊಡಬೇಕಾಗಿದ್ದ ರೊಕ್ಕ ಬಂತೇನು?"

"ಇಲ್ಲವ್ವಾ."

"ಹಂಗಾದರ ನೀ ಯಾಕ ಕೊಡಬೇಕು?"

"ಅದು ಅವರ ಲೆಕ್ಕ ತಂಗಿ. ಇದು ನನ್ನ ಲೆಕ್ಕ."

ನ್ಯಾಯವಾಗಿ ಬರಬೇಕಾದುದನ್ನು ಕೇಳಬಾರದೆಂದು ಇದರ ಅರ್ಥವಲ್ಲ. ಕಾಯಕ ಮಾಡಿದವನಿಗೆ ಅದರ ಫಲ ಮುಟ್ಟಲೇಬೇಕು, ಮುಟ್ಟಿಸದವರು ತಪ್ಪಿತಸ್ಥರೇ. ಆದರೆ ನಮಗೆ ಬರಬೇಕಾದುದು ಬಾರದಿರುವುದನ್ನೇ ನೆಪಮಾಡಿಕೊಂಡು ನಾವು ಕೊಡಬೇಕಾದುದನ್ನು ತಡೆದರೆ, ಲೋಕದಲ್ಲಿ ಎಲ್ಲರ ಲೆಕ್ಕವೂ ನಿಂತುಹೋಗುತ್ತದೆ. ಮೇಲಿನವನ ಅನ್ಯಾಯ ಕೆಳಗಿನವಳ ಒಲೆಯವರೆಗೆ ಹರಿದುಬರುವುದು ಹೀಗೆಯೇ. ಅದನ್ನು ತನ್ನಲ್ಲಿಗೆ ತಡೆದು ನಿಲ್ಲಿಸುವವನು ಬೇಕು.

ಮೌಶಿಯಿದ್ದ ಚಾಳವೂ ಬಿದ್ದುಹೋಗಿತ್ತು. ಪಕ್ಕದ ಬೀದಿಯಲ್ಲಿ ಹಳೆಯ ಚಾಳವೊಂದು ಉಳಿದಿತ್ತು. ಅಲ್ಲಿಯ ನಿವಾಸಿಗಳು ಕರೆದು ಖೋಲಿಯನ್ನು ತೋರಿಸಿದರು: ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಮೂಲೆಯಲ್ಲಿ ಮೋರಿ, ಶೌಚಗೃಹವು ಮೊಗಸಾಲೆಯ ತುದಿಯಲ್ಲಿ ಎಲ್ಲರಿಗೂ ಸೇರಿ. ತಮ್ಮದೂ ಇಂಥದೇ ಖೋಲಿಯೆಂದು ವೃದ್ಧರು ಹೇಳಿದರು. ಅಲ್ಲಿಯವರೆಗೆ ಮಾತಾಡದೆ ಹಿಂದೆ ಬರುತ್ತಿದ್ದ ಅವರ ಧರ್ಮಪತ್ನಿಯು ಹೊಸತಿಲ ಬಳಿ ನಿಂತು ಒಳಗೆಲ್ಲ ಕಣ್ಣಾಡಿಸಿ, "ಮುಂಬಯಿ ಹ್ಯಾಂಗದ ಅಂತ ಕೇಳಿದಾಗೆಲ್ಲಾ ಚಲೋ ಅದ ಅಂತಿದ್ರಿ" ಎಂದರು. ವೃದ್ಧರು ಉತ್ತರ ಕೊಡಲಿಲ್ಲ. ಮಗನು ಸೇತುವೆಯ ಮೇಲಿದ್ದಾಗಿನಿಂದಲೂ ಕೈಗಡಿಯಾರ ನೋಡಿಕೊಳ್ಳುತ್ತಿದ್ದವನು ಆಮೇಲೆ ನೋಡಿಕೊಳ್ಳಲಿಲ್ಲ. ಮೌಶಿಯನ್ನು ವಿಚಾರಿಸುವ ಕೆಲಸವನ್ನು ತಾನೇ ವಹಿಸಿಕೊಂಡನು.

ದಿನಸಿಯ ಅಂಗಡಿಯವರು ಹೊಸಬರು. ಕ್ಷೌರದ ಅಂಗಡಿಯವರಿಗೆ ಗೊತ್ತಿರಲಿಲ್ಲ. ಕೊನೆಗೆ ಒಂದು ಹಿಟ್ಟಿನ ಗಿರಣಿಯಲ್ಲಿ ಸುಳಿವು ಸಿಕ್ಕಿತು. ಗಿರಣಗಾಂವದಲ್ಲಿ ಆ ದಿನ ನಡೆಯುತ್ತಿದ್ದುದಾಗಿ ನಮ್ಮ ಕಣ್ಣಿಗೆ ಬಿದ್ದ ಗಿರಣಿ ಅದೊಂದೇ! ಅದರ ಮುದಿ ಒಡೆಯನಿಗೆ ಮೌಶಿಯ ನೆನಪು ಚೆನ್ನಾಗಿತ್ತು. ಆಕೆ ತೀರಿಕೊಂಡು ಬಹಳ ವರ್ಷಗಳಾದುವೆಂದೂ, ಆಕೆಯ ಸೊಸೆಯು ಚಾಳದವರಿಗೆ ಬದಲಿಯಾಗಿ ಕೊಟ್ಟ ಎತ್ತರದ ಕಟ್ಟಡದಲ್ಲಿ ಇದ್ದು ಈಗಲೂ ಕಚೇರಿಗಳಿಗೆ ಊಟದ ಡಬ್ಬಿ ಕಳುಹಿಸುತ್ತಾಳೆಂದೂ ತಿಳಿಸಿ ಹುಡುಗನೊಬ್ಬನನ್ನು ಜೊತೆಮಾಡಿ ಕಳುಹಿಸಿದನು.

ಹನ್ನೊಂದನೆಯ ಅಂತಸ್ತಿನ ಆ ಮನೆಯ ಗೃಹಿಣಿಗೆ ಅರವತ್ತರ ಹತ್ತಿರದ ವಯಸ್ಸು. ಅಪರಿಚಿತರಾದ ಏಳು ಮಂದಿಯನ್ನು, ಅದರಲ್ಲಿ ಒಬ್ಬ ಕಾವಿಧಾರಿಯನ್ನು, ಬಾಗಿಲಲ್ಲಿ ಕಂಡು ಆಕೆ ಮೊದಲು ಬೆದರಿದಳು. ವೃದ್ಧರು ತಮ್ಮ ಹಳೆಯ ಮರಾಠಿಯಲ್ಲಿ ಎಲ್ಲವನ್ನೂ ನಿಧಾನವಾಗಿ ಹೇಳಿದರು. ಆಕೆಗೆ ಈ ಬಾಕಿಯ ವಿಷಯವೇ ತಿಳಿದಿರಲಿಲ್ಲ. ಮೌಶಿಗೆ ಓದುಬರಹವಿರಲಿಲ್ಲ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಗುರುತಿಟ್ಟು ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಚಾಳದೊಡನೆ ಆ ಗೋಡೆಯೂ ಬಿದ್ದು ಮಣ್ಣಾಯಿತು. ಕೊಟ್ಟವಳು ಇಲ್ಲ, ಬರೆದ ಗೋಡೆ ಇಲ್ಲ, ಕೇಳುವ ಕಾಯಿದೆ ಇಲ್ಲ. ಆ ಸಾಲವು ಲೋಕದಲ್ಲಿ ಉಳಿದಿದ್ದುದು ಉಂಡವನ ನೆನಪಿನಲ್ಲಿ ಮಾತ್ರ.

ಈಕೆ ಹಣವನ್ನು ಬೇಡವೆನ್ನುವಳೆಂದು ನಾವೆಲ್ಲರೂ ಭಾವಿಸಿದ್ದೆವು. ಸಾಮಾನ್ಯವಾಗಿ ಕಥೆಗಳಲ್ಲಿ ಹಾಗೆ ನಡೆಯುತ್ತದೆ. ಆಕೆ ಹಾಗೆ ಮಾಡಲಿಲ್ಲ. ಕೈ ತೊಳೆದುಕೊಂಡು ಬಂದು, ಬಟ್ಟೆಯ ಚೀಲವನ್ನು ಎರಡೂ ಕೈಗಳಿಂದ ತೆಗೆದುಕೊಂಡು, ಅತ್ತೆಯ ಭಾವಚಿತ್ರದ ಮುಂದಿಟ್ಟು ನಮಸ್ಕರಿಸಿ, ಆಮೇಲೆ ನೆಲದ ಮೇಲೆ ಕುಳಿತು ಒಂದೊಂದು ನೋಟನ್ನೂ ಎಣಿಸಿದಳು. "ಸರಿಯಾಗಿದೆ" ಎಂದಳು. ಕಿರಾಣಿಯವನಿಗೆ ಎರಡು ತಿಂಗಳಿನ ಬಾಕಿ ಕೊಡಬೇಕಾಗಿತ್ತು, ಹೊತ್ತಿಗೆ ಬಂದಿತು ಎಂದೂ ಯಾವ ಸಂಕೋಚವಿಲ್ಲದೆ ಹೇಳಿದಳು. ಆಮೇಲೆ ಇನ್ನೊಂದು ಮಾತು ಹೇಳಿದಳು: ಅತ್ತೆಯು ಸಾಯುವವರೆಗೂ ಯಾರ ಹೆಸರನ್ನೂ ಎತ್ತಿ ಬಾಕಿಯೆಂದವಳಲ್ಲ; ಊರಿಗೆ ಹೋದ ಹುಡುಗರು ಮುಷ್ಕರ ಮುಗಿದ ಮೇಲೆ ಬರುತ್ತಾರೆ ಎನ್ನುತ್ತಿದ್ದಳು.

ಕೊಡುವುದು ದೊಡ್ಡದೆಂದು ನಾವು ಎಷ್ಟೋ ಉಪದೇಶಗಳಲ್ಲಿ ಹೇಳಿದ್ದೇವೆ. ತೆಗೆದುಕೊಳ್ಳುವುದೂ ಅಷ್ಟೇ ದೊಡ್ಡದಾಗಬಲ್ಲದೆಂಬುದನ್ನು ಆ ತಾಯಿ ಆ ದಿನ ತೋರಿಸಿದಳು. ಆಕೆ ಸೌಜನ್ಯಕ್ಕಾಗಿ ಬೇಡವೆಂದಿದ್ದರೆ ಒಳ್ಳೆಯವಳೆನಿಸುತ್ತಿದ್ದಳು. ವೃದ್ಧರು ಮಾತ್ರ ಸಾಲಗಾರರಾಗಿಯೇ ಉಳಿಯುತ್ತಿದ್ದರು. ಎಣಿಸಿ, ಸರಿಯಾಗಿದೆಯೆಂದು ಹೇಳಿ ತೆಗೆದುಕೊಂಡುದರಿಂದ ಅವರನ್ನು ಬಿಡುಗಡೆ ಮಾಡಿದಳು. ಶಿವಶರಣೆ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆ ನಮ್ಮ ಓದುಗರಿಗೆ ತಿಳಿದುದೇ. ಪತಿಯಾದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಕೆ ಹೆಚ್ಚಾದುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅನ್ನದ ವಿಷಯದಲ್ಲಿ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದೆಂಬ ಆ ನಿಷ್ಠುರವಾದ ಲೆಕ್ಕವೇ ಶರಣರ ದಾಸೋಹಕ್ಕೆ ತಳಹದಿ. ಲೆಕ್ಕವು ಶುದ್ಧವಾಗಿದ್ದಲ್ಲಿ ಮಾತ್ರ ಲೆಕ್ಕವಿಲ್ಲದ ಪ್ರೀತಿಗೆ ಬೆಲೆ. ಹಣವನ್ನು ಒಳಗಿಟ್ಟು ಬಂದ ಮೇಲೆಯೇ ಆ ತಾಯಿಯು, "ಬಾಕಿ ತೀರಿತು, ಈಗ ಅತಿಥಿಗಳಾಗಿ ಉಣ್ಣಿರಿ" ಎಂದು ಎಲೆ ಹಾಕಿದಳು. ಚಪಾತಿ, ಝುಣಕ, ಬಟಾಟೆಯ ಪಲ್ಯ. ನಾವು ಹಾಲು ಹಣ್ಣು ಸ್ವೀಕರಿಸಿದೆವು.

ಸಂಜೆ ಹುಡುಗನ ಸಮಾಧಾನಕ್ಕೆಂದು ಭಾರತದ ಹೆಬ್ಬಾಗಿಲಿಗೆ ಹೋದೆವು. ಘಾರಾಪುರಿಯ ದೋಣಿಗಳು ಜನರನ್ನು ಇಳಿಸುತ್ತಿದ್ದವು. 1911ರಲ್ಲಿ ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗೆ ಕಟ್ಟತೊಡಗಿ 1924ರಲ್ಲಿ ಮುಗಿಸಿದ ಆ ಬಾಗಿಲಿನಿಂದಲೇ 1948ರ ಫೆಬ್ರುವರಿ 28ರಂದು ಬ್ರಿಟಿಷರ ಕೊನೆಯ ಸೈನ್ಯದಳ ಹಡಗು ಹತ್ತಿ ಹೋಯಿತು. ಅವರಿಗೂ ಈ ನಗರದಲ್ಲಿ ಒಂದು ಕೊನೆಯ ದಿನವಿತ್ತು. ಆ ದಿನ ವಾದ್ಯ ಮೊಳಗಿಸಿ ಮೆರವಣಿಗೆಯಲ್ಲಿ ಹೋದರು. ಅವರು ತೀರಿಸದೆ ಹೋದ ಬಾಕಿಗಳನ್ನು ಇತಿಹಾಸಕಾರರು ಇಂದೂ ಎಣಿಸುತ್ತಿದ್ದಾರೆ. ವೃದ್ಧರು ಕಟ್ಟೆಯ ಮೇಲೆ ಕುಳಿತು ಮೊಮ್ಮಗನಿಗೆ ಕಡಲೆಕಾಯಿ ಕೊಡಿಸಿದರು. ಸೊಂಟದಲ್ಲಿ ಚೀಲವಿಲ್ಲದುದರಿಂದ ಧೋತರ ಸಡಿಲಾಯಿತೆಂದು ನಗೆಯಾಡಿದರು. ಆ ಐದು ದಿನಗಳಲ್ಲಿ ಅವರು ನಕ್ಕುದನ್ನು ನಾವು ಕಂಡುದು ಅದೇ ಮೊದಲು.

ರಾತ್ರಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಗಾಡಿ ಹತ್ತಿದೆವು. ಸೊನ್ನಲಿಗೆಯ ಸಿದ್ಧರಾಮೇಶ್ವರರ ಹೆಸರಿನ ಗಾಡಿ ಅದು. ಕೆರೆ ಕಟ್ಟಿಸಿ ಜನರ ಬಾಯಾರಿಕೆಯನ್ನು ತಣಿಸಿದ ಕಾಯಕಯೋಗಿಯ ಹೆಸರು. ವೃದ್ಧರು ಕಲ್ಯಾಣ ದಾಟುವ ಮುನ್ನವೇ ನಿದ್ರೆಹೋದರು. ಮಗನು ಬಹಳ ಹೊತ್ತು ಎಚ್ಚರವಿದ್ದನು. ತಂದೆಯ ಕಾಲ ಮೇಲಿಂದ ಜಾರಿದ ಹೊದಿಕೆಯನ್ನು ಎರಡು ಸಲ ಸರಿಪಡಿಸಿದುದನ್ನು ಕಂಡೆವು.

ಮನುಷ್ಯನ ಬಾಳೂ ಒಂದು ಪ್ರವಾಸವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಪ್ರವಾಸಕ್ಕೂ ಬಾಳಿಗೂ ಒಂದು ದೊಡ್ಡ ಅಂತರವಿದೆ. ಪ್ರವಾಸದಲ್ಲಿ ಕೊನೆಯ ದಿನ ಯಾವುದೆಂಬುದು ಟಿಕೀಟಿನ ಮೇಲೆ ಅಚ್ಚಾಗಿರುತ್ತದೆ, ಬಾಳಿನಲ್ಲಿ ಹಾಗಿಲ್ಲ. ವೃದ್ಧರು ಮಗ್ಗ ನಿಲ್ಲಿಸಿ ಹೊರಬಂದ ದಿನದಂತೆ, ಕೊನೆಯದೆಂದು ತಿಳಿಯದೆಯೇ ಅದು ಕಳೆದುಹೋಗುತ್ತದೆ. ಆದುದರಿಂದ ಕೊನೆಯ ದಿನವು ಮುಂದಾಗಿಯೇ ತಿಳಿದಿರುವುದು ಶಿವನ ಕೃಪೆಯೆನ್ನಬೇಕು. ಆ ದಿನವನ್ನು ನೋಡಬೇಕಾದುದಕ್ಕಿಂತ ಮೊದಲು ತೀರಿಸಬೇಕಾದುದಕ್ಕೆ ಮೀಸಲಿಡುವುದು ಜಾಣತನ.

ಈ ಮಾತು ನಮ್ಮ ಮಠದ ಪ್ರಸಾದ ನಿಲಯದಲ್ಲಿ ಉಂಡು, ಓದಿ, ಇಂದು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ, ಹೊರದೇಶಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳಿಗೂ ಸಲ್ಲುತ್ತದೆ. ಮಠವು ನಿಮ್ಮ ಹೆಸರಿಗೆ ಯಾವ ಗೋಡೆಯ ಮೇಲೂ ಗೆರೆ ಎಳೆದಿಲ್ಲ, ಪ್ರಸಾದಕ್ಕೆ ಬಾಕಿಯೆಂಬುದಿಲ್ಲ. ಮಠಕ್ಕೆ ಹಣ ಕಳುಹಿಸಿರೆಂದು ಇದನ್ನು ಬರೆಯುತ್ತಿಲ್ಲ. ಆದರೆ ನೀವು ಉಂಡ ಜೋಳದ ಹಿಂದೆ ಯಾರೋ ರೈತನು ರಾಶಿಯಲ್ಲಿ ಎತ್ತಿಟ್ಟ ಒಂದು ಚೀಲವಿತ್ತು. ಒಲೆಯ ಮುಂದೆ ಹೊಗೆಯಲ್ಲಿ ಕಣ್ಣು ಒರೆಸಿಕೊಂಡ ತಾಯಂದಿರಿದ್ದರು. ಅವರಲ್ಲಿ ಕೆಲವರು ಇನ್ನೂ ಇದ್ದಾರೆ. ಮುಂದಿನ ಸಲ ನೀವು ಮಕ್ಕಳೊಡನೆ ಊರಿಗೆ ಬಂದಾಗ, ಮರಳುವ ದಿನದ ಒಂದು ಗಂಟೆಯನ್ನು ತೆಗೆದಿಟ್ಟು, ಅವರ ಮನೆಯ ಬಾಗಿಲಿಗೆ ಹೋಗಿ ಬನ್ನಿರಿ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿರಿ. ತಮ್ಮ ತಂದೆ ತಾಯಿಗಳು ಯಾರ ಅನ್ನವನ್ನು ಉಂಡು ಬೆಳೆದರೆಂಬುದನ್ನು ಅವರು ತಿಳಿಯಲಿ.

ಸರ್ವರಿಗೂ ಶುಭವಾಗಲಿ.